ಅಜ್ಜನ ಬೆನ್ನು ನಮ್ಮವರದು

ಗುರುವಾರ, ಜನವರಿ 9

ನನ್ನದು ಕಾಗದ ಬರೆಯುವ ಕೈ. ಮನೆತುಂಬ ಫೋನ್ ಇದ್ದರೂ ರಾಯಬಾಗದ ತಂಗಿ ದುಂಡವ್ವನಿಗೆ ತಿಂಗಳಿಗೊಂದು ಕಾಗದ ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ. ಸಾಲೆಗೆ ಹೋದವಳಲ್ಲ. ಮಗ ಸಂಜಯ ಒಂದನೇ ಇಯತ್ತೆಯಲ್ಲಿ ಪಾಟಿಯ ಮೇಲೆ ಅಕ್ಷರ ತಿದ್ದುವಾಗ ಪಕ್ಕದಲ್ಲಿ ಕೂತು ನಾನೂ ತಿದ್ದಿದೆ, ಅಷ್ಟೇ. ಆದರೆ ಈ ಸಲದ ಸುದ್ದಿಯನ್ನು ದುಂಡವ್ವನಿಗೆ ಬರೆಯುವಂತಿಲ್ಲ. ಅವಳಿಗೆ ತಿಳಿದದ್ದು ಮುಂದಿನ ಸಂತೆಯ ಹೊತ್ತಿಗೆ ಇಡೀ ತಾಲೂಕಿಗೆ ತಿಳಿದಿರುತ್ತದೆ. ಅದಕ್ಕೇ ಸೊಸೆ ಉಜ್ವಲಾ ತಂದುಕೊಟ್ಟ ಹೊಸ ಡೈರಿ ಹಿಡಿದು ಕೂತಿದ್ದೇನೆ. ಯಾರಿಗೂ ಹೇಳದೆ ಇಟ್ಟುಕೊಂಡರೆ ನನ್ನ ಹೊಟ್ಟೆ ಉಬ್ಬುತ್ತದೆ.

ಸುದ್ದಿ ಇಷ್ಟು. ‘ಪಾಟೀಲರ ಪಡಸಾಲೆ’ಯ ಅಜ್ಜ ಸಾಯುತ್ತಾನೆ.

ಆರು ವರ್ಷದಿಂದ ದಿನಾ ಸಂಜೆ ಏಳಕ್ಕೆ ಟಿವಿಯಲ್ಲಿ ಬರುವ ಆ ಧಾರಾವಾಹಿಯ ಪಡಸಾಲೆ ಯಡೂರಿನ ನಮ್ಮ ಮನೆಯದು. ತಿಂಗಳಿಗೊಮ್ಮೆ ಅವರೆಲ್ಲ ಬಂದು ಒಂದಷ್ಟು ದಿನ ಇದ್ದು ಶೂಟಿಂಗ್ ಮಾಡಿಕೊಂಡು ಹೋಗುತ್ತಾರೆ. ಏಳಕ್ಕೆ ನಮ್ಮ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ, ಅದು ನನ್ನ ಕಾಯಿದೆ. ನೋಡುವವರಿಗೆ ಗೊತ್ತಿಲ್ಲದ್ದು ನನಗೆ ಎಷ್ಟೊಂದು ಗೊತ್ತು! ಪಡಸಾಲೆಯ ಕಂಬಗಳಲ್ಲಿ ಎರಡು ಟೊಳ್ಳು, ಪ್ಲೈವುಡ್ಡಿನವು. ನಮ್ಮ ಬೆಕ್ಕು ಒಂದರೊಳಗೆ ಮರಿ ಹಾಕಿದಾಗ, ಆಸ್ತಿ ಪಾಲಾಗುವ ದೊಡ್ಡ ಸೀನಿನ ನಡುವೆ ಕಂಬವೇ ಮಿಯಾಂವ್ ಅನ್ನತೊಡಗಿ ಶೂಟಿಂಗ್ ನಿಂತಿತ್ತು. ಗೋಡೆ ಗಡಿಯಾರದ ಸೆಲ್ಲು ತೆಗೆದಿಟ್ಟಿದ್ದಾರೆ. ಒಂದೇ ಜಗಳವನ್ನು ಇವತ್ತಿಷ್ಟು ನಾಳೆಯಿಷ್ಟು ತೆಗೆಯುತ್ತಾರಲ್ಲ, ಮುಳ್ಳು ಓಡಿದರೆ ಗುಟ್ಟು ಬಯಲಾಗುತ್ತದೆ. ಅಡುಗೆಮನೆ ನಮ್ಮದಲ್ಲ, ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿದೆ. ನಮ್ಮ ಪಡಸಾಲೆಯಿಂದ ತಾಟು ಹಿಡಿದು ಒಳಗೆ ಹೋದ ಸೊಸೆ ಹೊಸ್ತಿಲು ದಾಟುವಷ್ಟರಲ್ಲಿ ಬೆಂಗಳೂರು ಮುಟ್ಟಿರುತ್ತಾಳೆ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಅಜ್ಜನದು. ಅಜ್ಜನ ಪಾತ್ರ ಮಾಡುವ ಜ್ಞಾನದೇವ ಅಥಣಿ ಕಡೆಯ ನಾಟಕ ಕಂಪನಿಗಳಲ್ಲಿ ಬೆಳೆದವರು. ಮುಖ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ, ಆದರೆ ಎರಡೂ ಮೊಣಕಾಲು ಹೋಗಿವೆ. ಹಾಗಾಗಿ ಅಜ್ಜ ಹೊಲದ ಬದುವಿನ ಮೇಲೆ ನಡೆದು ಹೋಗುವಾಗ, ಹೊಳೆಗೆ ಇಳಿಯುವಾಗ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಾಗ ಹಿಂದಿನಿಂದ ಕಾಣುವ ಬೆನ್ನು ನಮ್ಮವರದು. ಅದೇ ಎತ್ತರ, ಅದೇ ರುಮಾಲು. ಮುಖ ಅಥಣಿಯದು, ಬೆನ್ನು ಯಡೂರಿನದು.

ಇವತ್ತು ನಿರ್ದೇಶಕ ಮಹಾದೇವ ಸರ್ ಬಂದಿದ್ದರು, ಮೈಸೂರು ಕಡೆಯವರು. ಸಾವಿನ ಸೀನನ್ನು ಓದಿ ಹೇಳಿದರು. ಹೆಣವನ್ನು ಚಾಪೆಯ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿರುತ್ತಾರಂತೆ, ಒಳಗೆ ಎರಡು ತಲೆದಿಂಬು ಇಟ್ಟರೆ ಆಯಿತಂತೆ.

“ಅಯ್ಯ, ನಮ್ಮೊಳಗ ಮಲಗಸಂಗಿಲ್ರೀ ಸರ,” ಅಂದೆ. “ಕೂಡಸ್ತಾರ. ವಿಭೂತಿ ಹಚ್ಚಿ, ರುಮಾಲ ಸುತ್ತಿ, ಹಾರ ಹಾಕಿ, ಕಂಬಕ್ಕ ಆನಿಸಿ ಕೂಡಸ್ತಾರ. ಹೊರಗ ಒಯ್ಯೂದೂ ಕುಂತಂಗನ, ಹೂವಿನ ವಿಮಾನದಾಗ.”

ಸರ್ ಕುರ್ಚಿಯಿಂದ ಎದ್ದೇಬಿಟ್ಟರು. “ಅಮ್ಮಾ, ನೀವಿಲ್ದಿದ್ರೆ ಈ ಭಾಗದ ಜನ ನಮ್ಮನ್ನ ಉಗಿದು ಉಪ್ಪಿನಕಾಯಿ ಹಾಕ್ತಿದ್ರು!”

ನನಗೆ ಎಷ್ಟು ಹಿಗ್ಗಾಯಿತೆಂದರೆ ಬೇಡಬೇಡವೆಂದರೂ ಅವರ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದೆ.

ನಮ್ಮವರು ಸಂಜೆ ಮಾಳಿಗೆ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ಕೂತರು. ಕೇಳಿದರೆ, “ಮೆಟ್ಟಲಾ ಹೆಂಗದಾವ ನೋಡಾಕ ಕುಂತಿದ್ದೆ” ಅಂತ ನಗೆಯಾಡಿದರು. ಶನಿವಾರ ಚಿಕ್ಕೋಡಿಗೆ ಕರೆದುಕೊಂಡು ಹೋಗಬೇಕು.

ಶನಿವಾರ, ಜನವರಿ 11

ಚಿಕ್ಕೋಡಿಯ ದವಾಖಾನೆಯಲ್ಲಿ ಸರದಿಗೆ ಹೆಸರು ಬರೆಸಬೇಕಿತ್ತು. ಕಿಡಕಿಯ ಒಳಗಿನ ಹುಡುಗಿ, “ಪೇಷಂಟ್ ಹೆಸರ ಹೇಳ್ರಿ ಆಯಿ” ಅಂದಳು. ನಾನು ಉಜ್ವಲಾನ ಮುಖ ನೋಡಿದೆ. ಅವಳು ಮುಂದೆ ಬಂದು, “ವಿರುಪಾಕ್ಷಪ್ಪ ಚೌಗಲಾ” ಅಂತ ಹೇಳಿ ಬರೆಸಿದಳು. ಕುರುಂದವಾಡದ ಹುಡುಗಿ, ತವರುಮನೆಯಲ್ಲಿ ಮರಾಠಿಯೇ. ಹೊಸದರಲ್ಲಿ ಇವಳೊಂದಿಗೆ ಹೇಗೆ ಬಾಳುವುದೋ ಅಂದುಕೊಂಡಿದ್ದೆ.

ಎದೆಗೆಲ್ಲ ತಂತಿ ಹಚ್ಚಿ ನೋಡಿದ ಡಾಕ್ಟರ್ ನಗುನಗುತ್ತಲೇ, “ಕಾಕಾ, ಮಿರಜಕ್ಕ ಒಮ್ಮೆ ತೋರ್ಸಿಕೊಂಡ ಬರ್ರಿ, ತಡಾ ಮಾಡಬ್ಯಾಡ್ರಿ” ಅಂದರು. ನಗುನಗುತ್ತ ಹೇಳುವ ಡಾಕ್ಟರನ್ನು ಕಂಡರೆ ನನಗೆ ಇನ್ನೂ ಹೆದರಿಕೆ. ಬರುವಾಗ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ಅಜ್ಜ ಆಸ್ತಿಯನ್ನು ಯಾವ ಮಗನಿಗೆ ಬರೆಯುತ್ತಾನೆ ಅಂತ ಪಕ್ಕದವಳ ಹತ್ತಿರ ವಾದ ಹಾಕಿದ್ದಳು. ಬೇರೆ ದಿನವಾದರೆ ನನಗೆ ಒಳಗೊಳಗೇ ನಗು ಬರುತ್ತಿತ್ತು.

ಬುಧವಾರ, ಜನವರಿ 15

ಸಂಕ್ರಾಂತಿ ಬಂದು ಹೋಯಿತು. ಸಜ್ಜೆ ರೊಟ್ಟಿ ಮಾಡಿದೆ, ಯಾರ ಬಾಯಿಗೂ ರುಚಿ ಹತ್ತಲಿಲ್ಲ.

ಮಿರಜದಲ್ಲಿ ತೊಡೆಯಿಂದ ತಂತಿ ಬಿಟ್ಟು ನೋಡಿದ್ದಾರೆ. ಹೃದಯದ ಮೂರು ನರ ಕಟ್ಟಿವೆಯಂತೆ. ಎದೆ ತೆರೆದು ಬೇರೆ ನರ ಜೋಡಿಸಬೇಕಂತೆ. ಇಪ್ಪತ್ತೇಳನೇ ತಾರೀಕು, ಸೋಮವಾರ. ಅಲ್ಲಿಯವರೆಗೆ ಓಡಬಾರದು, ಹತ್ತಬಾರದು, ಭಾರ ಎತ್ತಬಾರದು. “ಕೂಡೂದು?” ಅಂತ ಇವರು ಕೇಳಿದರಂತೆ. “ಕೂಡ್ರಿ, ಎಷ್ಟ ಬೇಕಾದ್ರೂ ಕೂಡ್ರಿ” ಅಂದರಂತೆ.

ಯಾರಿಗೂ ಹೇಳಬಾರದೆಂದು ಇವರ ಕಟ್ಟಪ್ಪಣೆ. “ಮಂದಿ ಬಂದು ಲೊಚಗುಟ್ಟತಾರ. ಅದನ್ನ ಕೇಳಿನ ನಾ ಸಾಯ್ತೀನಿ” ಅಂದರು. ಅಂಥ ಮಾತು ಆಡಬೇಡಿ ಅಂದೆ. ಎರಡು ಗುಟ್ಟು ಹೊತ್ತಿದ್ದೇನೆ ಈಗ. ಒಂದು ಹಗುರ, ಒಂದು ಭಾರ.

ಶುಕ್ರವಾರ, ಜನವರಿ 17

ನನ್ನ ನಾಲಿಗೆ ಕಡಿದುಕೊಳ್ಳಬೇಕು ಅನ್ನಿಸುತ್ತಿದೆ.

ಮಹಾದೇವ ಸರ್ ಮತ್ತೆ ಬಂದರು. ಜ್ಞಾನದೇವ ಜೊತೆಗಿದ್ದರು, ಕೋಲು ಊರಿಕೊಂಡು. ನಾನು ಚಹಾ ತರುವಷ್ಟರಲ್ಲಿ ಮಾತು ಮುಗಿದೇಹೋಗಿತ್ತು. ಜ್ಞಾನದೇವರಿಗೆ ಕಾಲು ಮಡಚಿ ಕೂರಲು ಬರುವುದಿಲ್ಲ. ಅವರ ಮುಖವನ್ನು ಕುರ್ಚಿಯ ಮೇಲೆ ಕೂರಿಸಿ ಬೇರೆಯಾಗಿ ತೆಗೆಯುತ್ತಾರೆ. ಪಡಸಾಲೆಯ ಕಂಬಕ್ಕೆ ಆನಿಸಿ ಕೂರಿಸುವ, ವಿಮಾನದಲ್ಲಿ ಹೊತ್ತು ಒಯ್ಯುವ ಹೆಣ ಯಾರು? ಅಜ್ಜನ ಬೆನ್ನು ಯಾರದೋ ಅವರೇ.

“ವಿರುಪಾಕ್ಷಪ್ಪನವರು ಒಪ್ಪಿದ್ದಾರಮ್ಮ,” ಅಂದರು ಸರ್. “ಬುಧವಾರ ಇಟ್ಕೊಂಡಿದ್ದೀವಿ.”

ನಾನು ಚಹಾ ಕೆಳಗಿಟ್ಟು ಇವರ ಕಡೆ ನೋಡಿದೆ. ಇವರು ನನ್ನ ಕಡೆ ನೋಡದೆ, “ಆರು ವರ್ಷ ಜ್ಞಾನದೇವಪ್ಪಂದ ಮಾರಿ, ನಂದ ಬೆನ್ನ. ಮುಗಸೂದೂ ಇಬ್ಬರೂ ಕೂಡೇ ಮುಗಸ್ತೀವಿ” ಅಂದರು.

“ನೀವ ಹೆಣಾ ಆಗ್ರಿ, ನಾ ದಿನಕರ್ಮದ ಊಟಾ ಮಾಡ್ತೀನಿ,” ಅಂದರು ಜ್ಞಾನದೇವ. ಇಬ್ಬರೂ ಹೋ ಅಂತ ನಕ್ಕರು. ಪಾಪ, ಅವರಿಗೇನು ಗೊತ್ತು.

ತಲೆದಿಂಬು ಸಾಕಿತ್ತು. ಎರಡೇ ಎರಡು ತಲೆದಿಂಬು. ಮಲಗಿಸುವುದಿಲ್ಲ, ಕೂರಿಸುತ್ತಾರೆ ಅಂತ ಹೇಳಿದವಳು ನಾನು. ಯಾರು ಕೇಳಿದ್ದರು ನನ್ನನ್ನು?

ಇದೇ ಕಂಬದ ಬುಡದಲ್ಲಿ ನಮ್ಮ ಮಾವನವರನ್ನು ಕೂರಿಸಿದ್ದೆವು. ಅವರಿಗಿಂತ ಮುಂಚೆ ಅವರ ಅಪ್ಪನನ್ನು. ಈ ಮನೆಯಲ್ಲಿ ಹಾಗೆ ಕೂತವರು ಯಾರೂ ಎದ್ದಿಲ್ಲ.

ಶನಿವಾರ, ಜನವರಿ 18

ಇವರೊಂದಿಗೆ ಮಾತು ಬಿಟ್ಟಿದ್ದೇನೆ. ಮಾತು ಬಿಟ್ಟದ್ದು ಇವರಿಗೆ ಗೊತ್ತಾಗಲಿ ಅಂತ ಎರಡು ಸಲ ಹೇಳಿದೆ ಕೂಡ.

ಸೋಮವಾರ, ಜನವರಿ 20

ಸಂಜಯನ ಕಡೆಯಿಂದ ಹೇಳಿಸಿದೆ. ಅವನು ಅಪ್ಪನ ಮುಂದೆ ನಿಂತು ಕಬ್ಬಿನ ಟ್ರ್ಯಾಕ್ಟರ್ ಮಾತಾಡಿ ಬಂದ. ಉಜ್ವಲಾಗೆ ಹೇಳಿ ಸರ್‌ಗೆ ಫೋನ್ ಹಚ್ಚಿಸಿದೆ. ಆಪರೇಷನ್ ಸುದ್ದಿ ಎತ್ತದೆ, ಬರೀ ಮಲಗಿಸಿದರೂ ನಡೆಯುತ್ತದೆ, ನಮ್ಮ ಕೆಲವು ಮನೆಗಳಲ್ಲಿ ಮಲಗಿಸುತ್ತಾರೆ ಅಂತ ಹೇಳು ಅಂದೆ. ಸುಳ್ಳು. ಅವಳು ಹೇಳಿದಳು.

ಸರ್ ಏನೆಂದರೋ, ಅವಳು ಫೋನ್ ಇಟ್ಟು, “ವಿಮಾನಕ್ಕ ಹೂವಿನ ಆರ್ಡರ ಹೋಗೇತಿ ಅಂತ್ರಿ ಅತ್ತಿ. ಅಳಾಕ ಊರಾಗಿನ ಹೆಣಮಕ್ಕಳಿಗೂ ಹೇಳ್ಯಾರಂತ” ಅಂದಳು. ಆಮೇಲೆ, “ತುಮ್ಹೀಚ ಸಾಂಗಾ ನಾ. ನೀವ ಹೇಳ್ರಿ ಅತ್ತಿ, ನೀವ ಹೇಳಿದ್ರ ಕೇಳ್ತಾರ” ಅಂದಳು.

ನಾನು ಹೇಗೆ ಹೇಳಲಿ? ಗಂಡಸರು ಕೂತು ಮಾತಾಡಿ ಮುಗಿಸಿದ್ದು. ಜೀವನದಲ್ಲಿ ಒಮ್ಮೆಯಾದರೂ ನಡುವೆ ಬಾಯಿ ಹಾಕಿದವಳಾ ನಾನು? ಹಾಕಿದ್ದು ಒಮ್ಮೆ ಮಾತ್ರ, ಹೋಳಿಗೆ ಬಡಿಸಿದ ದಿನ.

ವೀರಭದ್ರನ ಗುಡಿಗೆ ಹೋಗಿ ಬಂದೆ. ಬೇಡಿಕೊಳ್ಳಲು ಮಾತೇ ಹೊಳೆಯಲಿಲ್ಲ. ಸುಮ್ಮನೆ ಹೊಳೆಯ ಕಡೆ ನೋಡುತ್ತ ಕೂತೆ.

ಬುಧವಾರ, ಜನವರಿ 22

ಮುಗಿಯಿತು.

ಬೆಳಿಗ್ಗೆ ಜ್ಞಾನದೇವರ ಮುಖ ತೆಗೆದರು. ಕುರ್ಚಿಯ ಮೇಲೆ ಕೂರಿಸಿ, ಕಾಲು ಕಾಣದಂತೆ ಮುಂದೆ ಹೂವಿನ ರಾಶಿ ಇಟ್ಟು, ಹಿಂದೆ ನಮ್ಮ ಕಂಬದ ಬಣ್ಣದ ಹಲಗೆ ನಿಲ್ಲಿಸಿ. ಕಣ್ಣಿನ ರೆಪ್ಪೆ ಅಲುಗಬಾರದು ಅಂತ ರೆಪ್ಪೆಗೆ ಒಂದು ನಮೂನೆ ಅಂಟು ಹಚ್ಚಿದ್ದರು. ಶಾಟ್ ಮುಗಿದ ಮೇಲೆ ಅಂಟು ತೊಳೆದರೂ ಅವರನ್ನು ಏಳಗೊಡಲಿಲ್ಲ. “ನಗ್ರಿ ಸರ್, ನಗ್ರಿ!” ಅಂತ ಎಲ್ಲರೂ ಕೂಗಿದರು. ಅವರು ಹಾರ ಹಾಕಿಕೊಂಡೇ ಕ್ಯಾಮೆರಾ ನೋಡಿ ಹಲ್ಲು ಕಾಣುವಂತೆ ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಣ್ಣ ಹಚ್ಚುವ ರೂಪಾಲಿ ನಿಪ್ಪಾಣಿಯ ಹುಡುಗಿ, ನನ್ನ ಪಕ್ಕದಲ್ಲಿದ್ದಳು. ಇದೇನೇ ಅಂತ ಕೇಳಿದೆ.

“ಸತ್ತ ಪಾರ್ಟ ಮಾಡಿದವರು ಏಳೂಕಿಂತ ಮೊದಲ ಅದ ಕ್ಯಾಮೆರಾ ನೋಡಿ ನಗಬೇಕ್ರಿ ಆಯಿ. ಇಲ್ಲಂದ್ರ ಆ ಸಾವು ಮೈಮ್ಯಾಲ ಉಳೀತೇತಿ ಅಂತಾರ ನಮ್ಮ ಲೈನದಾಗ. ಟಿವಿಯಾಗ ತೋರಸಂಗಿಲ್ಲ, ಕಟ್ ಮಾಡಿ ಒಗೀತಾರ.”

ಮಧ್ಯಾಹ್ನ ಇವರ ಸರದಿ. ಬಿಸಿಲು ಜೋರಾಗಿತ್ತು, ಅದರ ಮೇಲೆ ಲೈಟು ಬೇರೆ. ಇವರಿಗೆ ಬಿಳಿ ಅಂಗಿ ತೊಡಿಸಿ, ರುಮಾಲು ಸುತ್ತಿ, ಹಣೆಗೆ ತೋಳಿಗೆ ವಿಭೂತಿ ಬಳಿದು ಕಂಬದ ಬುಡಕ್ಕೆ ಕೂರಿಸಿದರು. ಜರಿಯ ಶಾಲು ಸುತ್ತಿ ಕಂಬಕ್ಕೆ ಕಟ್ಟಿದರು. ಇವರು ಒಂದು ಕಣ್ಣು ತೆರೆದು ನನ್ನ ಕಡೆ ನೋಡಿ, “ಏ ಲಕ್ಕಿ, ಹೆಂಗ ಕಾಣ್ತೇನಿ?” ಅಂದರು. ಆಮೇಲೆ ಕಣ್ಣು ಮುಚ್ಚಿದರು.

ನಾನು ಅಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ, ನನ್ನ ನಿಜವಾದ ಅಡುಗೆಮನೆಗೆ. ಹೊರಗೆ ಭಜನೆ ಶುರುವಾಯಿತು. ಊರಿನ ಹೆಣ್ಣುಮಕ್ಕಳು ಅಳತೊಡಗಿದರು. ಮೊದಲು ಅಳಲು ಬಾರದೆ ಕಿಸಿಕಿಸಿ ನಗುವುದು ಕೇಳುತ್ತಿತ್ತು. ಆಮೇಲೆ ಪಕ್ಕದ ಮನೆಯ ಕಾಮಣ್ಣನ ಹೆಂಡತಿ ತನ್ನ ತೀರಿಹೋದ ಅಪ್ಪನ ಹೆಸರು ಹಿಡಿದು ಹಾಡಿಕೊಂಡು ಅಳತೊಡಗಿದಳು ನೋಡು, ಎಲ್ಲರಿಗೂ ತಮ್ಮತಮ್ಮವರು ನೆನಪಾದರು. ಅದು ಆಟದ ಅಳುವಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ನಾನು ಅತ್ತರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ಉಜ್ವಲಾ ಪಕ್ಕದಲ್ಲಿ ಕೂತು ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು.

ಸಂಜೆ ಬೆಳಕು ಹೋಗುತ್ತದೆಂದು ಗಡಿಬಿಡಿಯಲ್ಲಿ ಎಲ್ಲ ಕಟ್ಟಿಕೊಂಡು ಹೋದರು. ಇವರು ಬೆವರು ಒರೆಸಿಕೊಂಡು ಚಹಾ ಕುಡಿಯುತ್ತಿದ್ದರು. ಮಾತು ಕಡಿಮೆ. ದಣಿದಿರಬೇಕು.

ಗುರುವಾರ, ಜನವರಿ 23

ಬೆಳಿಗ್ಗೆ ಹಿಟ್ಟು ನಾದುವಾಗ ತಟ್ಟನೆ ಹೊಳೆಯಿತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಕೇಳಿದೆ.

“ನೀವ ನಕ್ಕೀರೇನ್ರಿ ನಿನ್ನಿ?”

“ಯಾವಾಗ?”

“ಎಲ್ಲಾ ಮುಗಿದ ಮ್ಯಾಲ. ಕ್ಯಾಮೆರಾ ನೋಡಿ.”

“ನನಗ್ಯಾರೂ ಹೇಳಲಿಲ್ಲ. ವಿಮಾನದಿಂದ ಇಳಿಸಿದ್ರು, ಚಾ ಕೊಟ್ರು.” ಆಮೇಲೆ ನನ್ನ ಮುಖ ನೋಡಿ, “ನನ್ನ ಮಾರಿ ಯಾವಾಗ ತೋರ್ಸ್ಯಾರಲೇ, ನಗೂದ ತೋರ್ಸಾಕ?” ಅಂದರು.

ಅದೇ ಆದದ್ದು. ಮುಖ ನಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಲೆಕ್ಕ ಮುಗಿಯಿತು ಅಂದುಕೊಂಡರು. ಬೆನ್ನಿಗೂ ಒಂದು ಜೀವ ಇದೆ ಅಂತ ಯಾರಿಗೂ ಹೊಳೆಯಲಿಲ್ಲ. ನಾನು ಅಲ್ಲಿದ್ದಿದ್ದರೆ ಹೊಳೆಯುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ.

ರೂಪಾಲಿಗೆ ಫೋನ್ ಮಾಡಿಸಿದೆ. “ಅಗಬಾಯಿ! ಮರತಽ ಬಿಟ್ವಿ ಆಯಿ” ಅಂದಳು. ಅವಳ ದನಿಯೇ ಸಣ್ಣಗಾಯಿತು. ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವರೆಲ್ಲ ಕಾಗವಾಡದ ಹತ್ತಿರ ದ್ರಾಕ್ಷಿ ತೋಟದಲ್ಲಿದ್ದಾರಂತೆ, ರವಿವಾರದವರೆಗೆ.

ಶುಕ್ರವಾರ, ಜನವರಿ 24

ಪಡಸಾಲೆಗೆ ಹೋದರೆ ಕಂಬದ ಬುಡಕ್ಕೆ ಬಿದ್ದ ವಿಭೂತಿ ಕಾಣುತ್ತದೆ. ಮೂರು ಸಲ ಒರೆಸಿದೆ.

ರವಿವಾರ, ಜನವರಿ 26, ಮಿರಜ

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ಮಲಗಿದ್ದಾರೆ.

ಬೆಳಿಗ್ಗೆ ಸಂಜಯ ಗಾಡಿ ತೆಗೆದ, ಉಜ್ವಲಾನೂ ಜೊತೆಗೆ ಬಂದಳು. ಮಾಂಜರಿ ಸೇತುವೆ ದಾಟಿದ ಮೇಲೆ ನಾನು, “ಕಾಗವಾಡದ ತ್ವಾಟದ ಕಡೆ ಹೊರಳಸು” ಅಂದೆ. ಅವನು, “ಯಾಕವ್ವಾ, ಟೈಮ್ ಆಗೇತಿ” ಅಂದ. “ಹೊರಳಸು ಅಂದೇನಿ” ಅಂದೆ. ಹೊರಳಿಸಿದ.

ತೋಟದಲ್ಲಿ ಧಾರಾವಾಹಿಯ ದೊಡ್ಡ ಸೊಸೆ ಬಳ್ಳಿಯ ಕೆಳಗೆ ಅಳುತ್ತಿದ್ದಳು. ಕ್ಯಾಮೆರಾ ಓಡುತ್ತಿತ್ತು. ಕೈ ಅಡ್ಡ ಹಿಡಿದವರನ್ನು ದಾಟಿ ನಾನು ನೆಟ್ಟಗೆ ಮಹಾದೇವ ಸರ್ ಮುಂದೆ ಹೋಗಿ ನಿಂತೆ. ಇವರಿಗೆ ನಾಳೆ ಎದೆ ತೆರೆಯುತ್ತಾರೆ, ನೀವು ಹೆಣ ಮಾಡಿ ಕೂರಿಸಿದಿರಿ, ನಗಿಸದೆ ಎಬ್ಬಿಸಿದಿರಿ, ಈಗ ನಗಿಸಿ ಕಳಿಸಿ ಅಂದೆ. ಗುಟ್ಟೆಲ್ಲ ಹೊರಬಿತ್ತು. ಸರ್ ಎದ್ದು ನಿಂತರು. “ಮೊದಲೇ ಹೇಳಬಾರದಿತ್ತಾ ಅಮ್ಮಾ” ಅಂದರು. ಕೂಡಲೇ ಎಲ್ಲ ನಿಲ್ಲಿಸಿದರು. ಹಳೆಯ ನೆನಪಿನ ಸೀನಿಗೆಂದು ಅಲ್ಲಿಗೆ ಬಂದಿದ್ದ ಜ್ಞಾನದೇವ ಹಾರದ ಬುಟ್ಟಿಯಿಂದ ತಾವೇ ಒಂದು ಹಾರ ಆರಿಸಿ ತಂದು ಇವರ ಕೊರಳಿಗೆ ಹಾಕಿದರು. ಬಳ್ಳಿಯ ಕೆಳಗೆ ಚಾಪೆ ಹಾಸಿ ಇವರನ್ನು ಕೂರಿಸಿ ಕ್ಯಾಮೆರಾ ತಿರುಗಿಸಿದರು.

“ಹೂಂ, ನಗ್ರಿ ಈಗ,” ಅಂದರು ಜ್ಞಾನದೇವ.

ಇವರು ಬಾಯಿ ತೆರೆದರು. ನಗು ಬರಲಿಲ್ಲ.

“ಅಲ್ರೀ, ದಿನಾ ನಮ್ಮನ್ನ ನಗಿಸಿ ಹೊಟ್ಟಿ ನೋಯಸ್ತಿದ್ರಿ!” ಅಂತ ಜ್ಞಾನದೇವ ಕುಂಟುತ್ತ ಹೆಣ್ಣಿನ ನಡಿಗೆ ನಡೆದು ತೋರಿಸಿದರು. ಲೈಟಿನ ಹುಡುಗರು ನಕ್ಕರು. ರೂಪಾಲಿ ಕಚಗುಳಿ ಇಡಲು ಹೋದಳು. ಇವರ ತುಟಿ ಅದುರಿತು, ಮತ್ತೆ ಕೂಡಿಕೊಂಡಿತು. ಆಮೇಲೆ ಕಣ್ಣಿನಿಂದ ನೀರು ಬಂದುಬಿಟ್ಟಿತು. ಅಷ್ಟು ಮಂದಿಯ ಮುಂದೆ, ಹಾರ ಹಾಕಿಕೊಂಡು. ನಾನು ಇವರ ಪಕ್ಕ ಚಾಪೆಯ ಮೇಲೆ ಹೋಗಿ ಕೂತೆ. ಕ್ಯಾಮೆರಾ ಓಡುತ್ತಿತ್ತೋ ನಿಂತಿತ್ತೋ ನೋಡಲಿಲ್ಲ.

“ಆವತ್ತ ಕಣ್ಣ ಮುಚ್ಚಿ ಕುಂತಿದ್ನೆಲ್ಲಾ,” ಅಂದರು ಮೆಲ್ಲಗೆ. “ಎಲ್ಲಾರೂ ಅಳೂದ ಕೇಳ್ತಿತ್ತ. ನಿಂದ ಒಂದ ದನೀ ಕೇಳಲಿಲ್ಲ. ಹುಡಿಕೇ ಹುಡಿಕಿದೆ. ಎಲ್ಲಿದ್ದಿ ನೀ?”

“ಒಳಗಿದ್ದೆ.”

“ನನಗ ಭಾಳ ಹೆದರಿಕಿ ಆತು ನೋಡಲೇ. ಒಮ್ಮಿ ಕುಂತ ನೋಡಿದ್ರ ಹೆದರಿಕಿ ಹೋಗತೇತಿ ಅಂದ್ಕೊಂಡಿದ್ದೆ. ಹೋಗಲಿಲ್ಲ.”

ಇಷ್ಟು ದಿನ ನಾನೊಬ್ಬಳೇ ಹೆದರಿದ್ದೇನೆ ಅಂದುಕೊಂಡಿದ್ದೆ. ಮೆಟ್ಟಿಲ ಮೇಲೆ ಕೂತು ನಗೆಯಾಡಿದ್ದು, ಹೆಣ ಆಗುತ್ತೇನೆ ಅಂತ ಮುಂದೆ ಬಿದ್ದದ್ದು, ಎಲ್ಲ ಅದೇ ಆಗಿತ್ತು.

ನಾನು ಹಾರ ತೆಗೆದು ಚಾಪೆಯ ಮೇಲಿಟ್ಟೆ. “ಏಳ್ರಿ. ಹೊತ್ತಾಗೇತಿ,” ಅಂದೆ.

ರೂಪಾಲಿ, “ಆಯಿ, ನಕ್ಕಿಲ್ರಿ ಅವ್ರು” ಅಂದಳು, ಅಳುವ ದನಿಯಲ್ಲಿ.

“ಬರಲಿಲ್ಲಂದ್ರ ಬ್ಯಾಡ ಬಿಡವಾ. ಹೆದರಿದಾವ್ರಿಗೆ ನಗಂತ ಗಂಟ ಬೀಳಬಾರದು,” ಅಂದೆ. ಇವರ ಕೈ ಹಿಡಿದು ಎಬ್ಬಿಸಿ ಗಾಡಿ ಹತ್ತಿಸಿದೆ. ಮಿರಜದವರೆಗೆ ಕೈ ಬಿಡಲಿಲ್ಲ, ಸೊಸೆಯ ಮುಂದೆಯೇ. ಇವರ ಅಂಗೈ ಇಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ.

ಸೋಮವಾರ, ಜನವರಿ 27

ಮಧ್ಯಾಹ್ನ ಒಳಗೆ ಒಯ್ದರು. ಗಾಲಿಯ ಮಂಚದ ಜೊತೆ ಬಾಗಿಲವರೆಗೆ ನಡೆದೆ. “ನಾ ಇಲ್ಲೇ ಕುಂತಿರ್ತೀನಿ. ಈ ಬಾಗಲದ ಹೊರಗ. ಎಲ್ಲೂ ಹೋಗಂಗಿಲ್ಲ,” ಅಂದೆ. ತಲೆಯಾಡಿಸಿದರು.

ಸಂಜೆಗೆ ಡಾಕ್ಟರ್ ಬಂದು ಆಪರೇಷನ್ ಆಗಿದೆ, ಎಚ್ಚರ ಆಗುವವರೆಗೆ ಏನೂ ಹೇಳಲಿಕ್ಕಾಗದು ಅಂದರು. ಸಂಜಯ ಔಷಧಿಗೆ ಅಂತ ಕೆಳಗೆ ಇಳಿದವನು ಎಷ್ಟು ಹೊತ್ತಾದರೂ ಬರಲಿಲ್ಲ. ಒಬ್ಬನೇ ಎಲ್ಲೋ ಅಳುತ್ತಿರಬೇಕು. ಉಜ್ವಲಾ ನನಗೆ ಬಾಳೆಹಣ್ಣು ಸುಲಿದು ಕೊಟ್ಟಳು. ಅರ್ಧ ಅವಳ ಬಾಯಿಗೆ ಇಟ್ಟೆ.

ನನ್ನ ಮಗ್ಗುಲಿಗೆ ಅಥಣಿ ಕಡೆಯ ತ್ರಿಶಲಾ ಅನ್ನುವ ಹೆಣ್ಣುಮಗಳು ಕೂತಿದ್ದಳು, ಅವಳ ಅಣ್ಣ ಒಳಗಿದ್ದ. ಅವಳು ಮೊಬೈಲ್ ಹಿಡಿದು ಏನೋ ನೋಡುತ್ತಿದ್ದವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವಳ ಅಣ್ಣನಿಗೇ ಏನೋ ಆಯಿತೆಂದು ನನ್ನ ಜೀವ ಹಾರಿತು.

“ಏನಾತವಾ?”

“ಅಜ್ಜ ಹೋದ್ರೀ ಅಕ್ಕಾರ! ಪಾಟೀಲರ ಪಡಸಾಲಿ ಅಜ್ಜ. ಆರು ವರ್ಷ ನಮ್ಮಪ್ಪನಂಗ ಇದ್ದ.”

ಅವಳ ಮೊಬೈಲಿನಲ್ಲಿ ನಮ್ಮ ಬಾಗಿಲು ಕಂಡಿತು. ಹೂವಿನ ವಿಮಾನ ಹೊರಗೆ ಬರುತ್ತಿತ್ತು. ಹಿಂದಿನಿಂದ ತೆಗೆದದ್ದು. ಉಜ್ವಲಾ ಅಡ್ಡ ಬಂದು ಮರೆ ಮಾಡಲು ನೋಡಿದಳು. “ಇರಲಿ ಬಿಡು,” ಅಂದೆ. ನಾನು ಆವತ್ತು ನೋಡಿರಲಿಲ್ಲವಲ್ಲ. ಹೊರಗೆ ಏನಾಯಿತೆಂದು ಈಗಲಾದರೂ ನೋಡಬೇಕಿತ್ತು.

ಬಿಳಿ ಅಂಗಿಯ ಬೆನ್ನು. ಮೇಲೆ ರುಮಾಲು. ನಡುವೆ ಕುತ್ತಿಗೆ. ಆ ಕುತ್ತಿಗೆಯ ಮೇಲೆ ಬೆವರಿನ ಒಂದು ಹನಿ ಹೊಳೆಯಿತು. ತಡೆದು ನಿಂತಿತು, ಆಮೇಲೆ ಇಳಿದು ಅಂಗಿಯೊಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಅಷ್ಟು ಮಂದಿ ಕೂತು ಕತ್ತರಿಸಿ ಜೋಡಿಸುತ್ತಾರಲ್ಲ, ಯಾರಿಗೂ ಕಂಡಿಲ್ಲ. ಹೆಣ ಬೆವರುತ್ತಿತ್ತು.

“ಅಳಬ್ಯಾಡ ತಂಗೀ,” ಅಂದೆ. “ಅಂವ ಸತ್ತಿಲ್ಲ.”

“ನಿಮಗೇನ ಗೊತ್ತ್ರೀ?”

“ಆ ಬೆನ್ನ ವಿರುಪಾಕ್ಷಪ್ಪಂದು. ನನ್ನ ಗಂಡಂದು. ಇಲ್ಲೇ ಒಳಗ ಮಲಗ್ಯಾರ.”

ಅವಳು ಅಳು ನಿಲ್ಲಿಸಿ, ಬಾಯಿ ತೆರೆದು ನನ್ನನ್ನೇ ನೋಡಿದಳು. ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಅಂದುಕೊಂಡಿರಬೇಕು. ಮೊಬೈಲ್ ಮುಚ್ಚಿಟ್ಟು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಬಾಗಿಲು ನೋಡುತ್ತ ಕೂತೆವು.

ಆಮೇಲೆ ಬಾಗಿಲು ತೆರೆಯಿತು. ನರ್ಸ್ ಬಾಯಿ ಮರಾಠಿಯಲ್ಲಿ, ಚೌಗಲೆ ಪೇಷಂಟ್ ಕಡೆಯವರು ಯಾರು, ಪೂರ್ತಿ ಹೆಸರು ಹೇಳಿ ಅಂದಳು. ನಾನು ಎದ್ದು ನಿಂತು, “ವಿರುಪಾಕ್ಷಪ್ಪ ಚೌಗಲಾ. ಯಡೂರ. ನಾ ಅವರ ಹೆಂಡ್ತಿ” ಅಂದೆ.

“ಶುದ್ಧೀವರ ಆಲೇತ,” ಅಂದಳು. ಎಚ್ಚರಾಗಿದ್ದಾರೆ.

ಬುಧವಾರ, ಜನವರಿ 29

ವಿರುಪಾಕ್ಷಪ್ಪ ಇವತ್ತು ಎರಡು ಚಮಚ ಗಂಜಿ ಕುಡಿದರು. ಉಪ್ಪಿಲ್ಲ ಅಂತ ಬೈದರು. ಬೈಯುವಾಗ ಹೊಲಿಗೆ ನೋವಾಗಿ ನಿಲ್ಲಿಸಿದರು. ಸೊಸೆ ಉಜ್ಜಿ ಬಾಗಿಲ ಹೊರಗೆ ನಿಂತು ನಕ್ಕಳು.

ಸೋಮವಾರ, ಫೆಬ್ರವರಿ 10

ಮನೆಗೆ ಬಂದು ನಾಲ್ಕೈದು ದಿನವಾಯಿತು. ಬರೆಯಲು ಪುರುಸೊತ್ತಿಲ್ಲ. ದುಂಡವ್ವನಿಗೂ ಕಾಗದ ಹಾಕಿಲ್ಲ. ಅವಳೇ ಬಂದು, ನನಗೊಂದು ಮಾತು ಹೇಳಲಿಲ್ಲವಲ್ಲೇ ಅಂತ ಅತ್ತು, ಬೈದು, ಎರಡು ದಿನ ರೊಟ್ಟಿ ಬಡಿದು ಹೋದಳು.

ಪಡಸಾಲೆಯಲ್ಲೇ ಮಂಚ ಹಾಕಿದ್ದೇವೆ, ಗಾಳಿ ಚೆನ್ನಾಗಿದೆ ಅಂತ. ಟೊಳ್ಳು ಕಂಬ ಎರಡನ್ನೂ ಸಂಜಯನಿಗೆ ಹೇಳಿ ತೆಗೆಸಿದೆ, ಮಂಚಕ್ಕೆ ಅಡ್ಡ ಬರುತ್ತಿದ್ದವು. ಗಡಿಯಾರಕ್ಕೆ ಸೆಲ್ಲು ಹಾಕಿಸಿದೆ, ಗುಳಿಗೆಗಳಿಗೆ ಹೊತ್ತು ನೋಡಬೇಕಲ್ಲ. ಸಂಜೆ ಏಳಕ್ಕೆ ಅಂಗಳದಲ್ಲಿ ಅವರನ್ನು ಮೆಲ್ಲಗೆ ನಡೆಸಬೇಕು, ಡಾಕ್ಟರ್ ಹೇಳಿದ ಹೊತ್ತು ಅದು. ಒಂದು ಕಡೆ ನಾನು, ಒಂದು ಕಡೆ ಉಜ್ಜಿ.

ಮಧ್ಯಾಹ್ನ ಮಹಾದೇವ ಸರ್ ಫೋನ್ ಬಂತು. ಮೊದಲು ಆರೋಗ್ಯ ವಿಚಾರಿಸಿದರು. ಒಳ್ಳೆಯ ಮನುಷ್ಯ. ಆಮೇಲೆ ಅಳುಕುತ್ತ ಶುರು ಮಾಡಿದರು.

“ಅಮ್ಮಾ, ಅಜ್ಜ ಹೋದ ಮೇಲೆ ಜನ ನೋಡೋದೇ ಬಿಟ್ಟಿದ್ದಾರೆ. ಚಾನೆಲ್‌ನವರು ಅಜ್ಜನ್ನ ವಾಪಸ್ ತನ್ನಿ ಅಂತಿದ್ದಾರೆ. ವಿಮಾನದಲ್ಲಿ ಕೂತಿದ್ದು ಅಜ್ಜ ಅಲ್ಲವೇ ಅಲ್ಲ, ಬೇರೆ ಯಾರೋ ಅಂತ ಕಥೆ ಮಾಡಿದ್ದೀವಿ.”

“ಖರೇನ ಹೇಳೀರಿ ಬಿಡ್ರಿ,” ಅಂದೆ.

“ಅಜ್ಜ ಹೊಳೆ ದಂಡೆಯಿಂದ ನಡ್ಕೊಂಡು ಬರ್ಬೇಕು. ಹಿಂದಿನಿಂದ ಒಂದೇ ಒಂದು ಶಾಟು. ಮುಂದಿನ ತಿಂಗಳು... ವಿರುಪಾಕ್ಷಪ್ಪನವರು...”

“ಆಗಂಗಿಲ್ರೀ ಸರ. ಮೂರ ತಿಂಗಳು ಮಲಗಿದ್ರ ಅಂಗಾತನ ಮಲಗಬೇಕಂತ ಡಾಕ್ಟರ್ ಹೇಳ್ಯಾರ. ಬೆನ್ನ ಖಾಲಿ ಇಲ್ಲ.”

“ಪಡಸಾಲೆನಾದ್ರೂ...”

“ಪಡಸಾಲ್ಯಾಗ ಅವ್ರ ಅದಾರ. ನಿಮ್ಮ ಅಜ್ಜನ್ನ ನೀವ ಎಲ್ಲೆರೆ ಬದುಕಿಸ್ಕೋರಿ. ನನಗ ಈಗ ಅವರಿಗೆ ಗುಳಿಗಿ ಕೊಡೂದೈತಿ,” ಅಂತ ಫೋನ್ ಇಟ್ಟೆ.

“ಯಾರಲೇ ಅದು?” ಮಂಚದಿಂದ ಕೂಗಿದರು.

“ಯಾರೂ ಅಲ್ಲ. ಮಗ್ಗಲಾ ಹೊರಳಬ್ಯಾಡ್ರಿ, ಬಂದೆ.”